ಸೋರಬಾರದು, ಕಟ್ಟಬಾರದು

ಮುದ್ದಪ್ಪನ ಹೆಗಲ ಮೇಲಿನ ಬಿಳಿ ಟವೆಲ್ಲಿಗೆ ಹೆದರದ ಕಿರಿಯ ವೈದ್ಯರು ಚಿತ್ರದುರ್ಗದ ಆ ಆಸ್ಪತ್ರೆಯಲ್ಲಿ ಒಬ್ಬರೂ ಇಲ್ಲ. ಮುಖ ಒರೆಸಿಕೊಳ್ಳಲೆಂದು ಅವನು ಅದನ್ನು ಹೊತ್ತವನಲ್ಲ. ಆ ಕೆಲಸಕ್ಕೆ ಅಂಗಿಯ ತೋಳೇ ಧಾರಾಳ ಸಾಕು. ಎಳೆಯ ಶಸ್ತ್ರವೈದ್ಯರು ಬೆವರು ಸುರಿಸಿ ಹೊಲಿದ ಬಲೂನಿನ ಕೆಳಗೆ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೊಣಕಾಲ ಮೇಲೆ ಕೈಯೂರಿ ಬಗ್ಗಿ, ದೇವರ ತಲೆಯಿಂದ ಹೂ ಬೀಳುವುದನ್ನು ಕಾಯುವ ಭಕ್ತನಂತೆ ಅಲುಗಾಡದೆ ನೋಡುತ್ತಾನೆ. ಬಟ್ಟೆಯ ಮೇಲೆ ಒಂದೇ ಒಂದು ಕೆಂಪು ಚುಕ್ಕೆ ಬಿದ್ದರೂ ಅವನ ಬಾಯಿಂದ ಬರುವ ತೀರ್ಪು ಒಂದೇ: “ಸೋರ್ತೈತೆ.” ಹಾಗೆನ್ನುವಾಗ ದನಿಯಲ್ಲಿ ಸಿಟ್ಟಿಲ್ಲ, ಕುಹಕವಿಲ್ಲ, ನಿಮ್ಮ ಚಪ್ಪಲಿಯ ಉಂಗುಷ್ಟ ಕಿತ್ತಿದೆ ಎಂದು ದಾರಿಹೋಕನಿಗೆ ತಿಳಿಸುವಷ್ಟೇ ಸೌಮ್ಯ. ಆ ಸೌಮ್ಯತೆಯೇ ಅವರನ್ನು ಹೆಚ್ಚು ಚುಚ್ಚುವುದು.

ಅವನು ವೈದ್ಯನಲ್ಲ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಕುರಿಗಾಹಿ ಮನೆತನದವನು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಹಾಯಕನಾಗಿ ಸೇರಿ ಇಪ್ಪತ್ತೆಂಟು ವರ್ಷ ಸವೆಸಿದವನು. ಊರು ಬಿಟ್ಟರೂ ಊರಿನ ನಡಿಗೆ ಅವನನ್ನು ಬಿಡಲಿಲ್ಲ. ಡ್ರಿಪ್ ಸ್ಟ್ಯಾಂಡಿನ ಕೋಲನ್ನು ಕತ್ತಿನ ಹಿಂದೆ ಅಡ್ಡಲಾಗಿಟ್ಟು, ಎರಡೂ ಮಣಿಕಟ್ಟುಗಳನ್ನು ಅದರ ಮೇಲೆ ಜೋತುಬಿಟ್ಟು, ಮುಂದೆ ನೂರು ಕುರಿ ಹೋಗುತ್ತಿವೆಯೇನೋ ಎಂಬ ನಿಧಾನದಲ್ಲಿ ವಾರ್ಡಿನ ಓಣಿಯಲ್ಲಿ ಬರುತ್ತಾನೆ. ಮಾಸಿದ ಹಸಿರು ಕೋಟಿನ ಜೇಬಿನಲ್ಲಿ ಸದಾ ನಾಲ್ಕಾರು ಉದ್ದನೆಯ ಬಲೂನು. ಅವನ್ನು ಕಂಡು ಮಕ್ಕಳ ವಾರ್ಡಿನ ಹುಡುಗರು ಕೈ ಚಾಚಿದರೆ ಮಾತ್ರ ಅವನ ಮುಖ ಪೆಚ್ಚಾಗುತ್ತದೆ, ಏಕೆಂದರೆ ಇಲ್ಲವೆನ್ನಲು ಅವನಿಗೆ ಬಾರದು, ಕೊಟ್ಟರೆ ವೈದ್ಯರಿಗೆ ಉಳಿಯದು.

ಆ ಬಲೂನುಗಳ ಕಥೆ ಹೀಗೆ. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಮಾಡಬೇಕಾದರೆ ಮೊದಲು ತೋಳಿನಲ್ಲಿ ಎರಡು ರಕ್ತನಾಳಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿಯಬೇಕು. ಕೂದಲಿಗಿಂತ ಸಣ್ಣ ದಾರ, ಕಡ್ಡಿಯಷ್ಟು ಸಣ್ಣ ನಾಳ. ಇದನ್ನು ಬದುಕಿರುವ ಮನುಷ್ಯನ ಕೈಮೇಲೆ ಕಲಿಯಲಾಗದು. ಕಲಿಸುವ ಯಂತ್ರಗಳು ದೊಡ್ಡ ಊರುಗಳಲ್ಲಿವೆ ಎಂದು ಹಿರಿಯ ಶಸ್ತ್ರವೈದ್ಯ ರಾಮಾಂಜನೇಯ ಒಮ್ಮೆ ನಿಟ್ಟುಸಿರಿಟ್ಟದ್ದನ್ನು ಕೇಳಿಸಿಕೊಂಡ ಮುದ್ದಪ್ಪ, ಮರುದಿನ ಒಂದು ಬಿಸ್ಕತ್ತಿನ ಡಬ್ಬಿ ತಂದ. ಎರಡು ಪಕ್ಕಕ್ಕೂ ತೂತು, ತೂತುಗಳಿಂದ ಒಳಗೆ ಇಣುಕುವ ಎರಡು ಬಲೂನಿನ ತುಂಡು, ಕಿಟಕಿಯ ಸರಳಿಗೆ ಕಟ್ಟಿದ ಡ್ರಿಪ್ ಬಾಟಲಿ, ಅದರ ತುಂಬ ಕ್ಯಾಂಟೀನಿನಲ್ಲಿ ಬೀಟ್‌ರೂಟ್ ಬೇಯಿಸಿ ಬಸಿದ ನೀರು. ಹೊಲಿದು ಮುಗಿಸಿ ಬಾಟಲಿಯ ಕೊಳವೆಗೆ ಹಾಕಿದ ಕ್ಲಿಪ್ಪು ಬಿಚ್ಚಿದರೆ ಕೆಂಪು ನೀರು ಬಲೂನಿಗೆ ನುಗ್ಗಿ, ಹೊಲಿಗೆಯ ಬಂಡವಾಳ ಟವೆಲ್ಲಿನ ಮೇಲೆ ಬಯಲು.

ಮೊದಲು ಹೊಲಿದವನೂ ಅವನೇ. ಶೇಂಗಾ ಸುಗ್ಗಿಯಲ್ಲಿ ದಬ್ಬಳ ಹಿಡಿದು ಗೋಣಿಚೀಲಗಳ ಬಾಯಿ ಬಿಗಿದ ಕೈ. ತನಗೇನು ಕಷ್ಟ ಎಂದು ಕುಳಿತ. ಕ್ಲಿಪ್ಪು ತೆಗೆದಾಗ ಟವೆಲ್ಲು ಹಾಲಿನಷ್ಟು ಬಿಳುಪು. ಮೀಸೆ ತಿರುವುತ್ತ ಸುತ್ತ ನೋಡಿದ. ರಾಮಾಂಜನೇಯ ಡಬ್ಬಿಯ ಆಚೆ ಬದಿಯ ಬಲೂನಿನ ಒಣ ತುದಿಯನ್ನು ಮುಟ್ಟಿ ನೋಡಿ ನಕ್ಕರು: “ಸೋರಿಲ್ಲ ಕಣಪ್ಪ, ನಿಜ. ಆದ್ರೆ ಹರಿದೂ ಇಲ್ಲ. ಚೀಲದ ಬಾಯಿ ಹೊಲ್ದೀಯಲ್ಲೋ!” ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸೇರಿಸಿ ಅವನು ನಾಳದ ಬಾಯನ್ನೇ ಮುಚ್ಚಿಬಿಟ್ಟಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕವನು ಮುದ್ದಪ್ಪನೇ. ಅಂದೇ ಡಬ್ಬಿಯ ಆಚೆ ಬದಿಗೆ ಒಂದು ಸ್ಟೀಲಿನ ಲೋಟ ಬಂತು. ಟವೆಲ್ಲು ಬೆಳ್ಳಗಿದ್ದರೆ ಸಾಲದು. ಕುರಿ ಎಣಿಸುವಂತೆ ಎರಡೆರಡಾಗಿ ಅವನು ನೂರು ಎಣಿಸುವುದರೊಳಗೆ ಲೋಟ ತುಂಬಬೇಕು. ತುಂಬದಿದ್ದರೆ ಎರಡನೆಯ ತೀರ್ಪು: “ಚೀಲ ಹೊಲಿದ್ರಿ.” ಈ ಮಾತು ಆಸ್ಪತ್ರೆಗೆಲ್ಲ ಹಬ್ಬಿ, ಯಾವ ಕಡತ ಯಾವ ಮೇಜಿನಲ್ಲಿ ಸಿಕ್ಕಿಕೊಂಡರೂ ನರ್ಸುಗಳು “ಯಾರೋ ಚೀಲ ಹೊಲಿದವ್ರೆ” ಎನ್ನುವಂತಾಯಿತು.

ಚಿಕ್ಕಜಾಜೂರಿನ ರೈಲ್ವೆ ನೌಕರರ ಮಗಳು, ಕಿರಿಯ ವೈದ್ಯೆ ಮೌನಿಕಾ ಇವನ ಕೈಗೆ ಸಿಕ್ಕದ್ದು ಹೋದ ವರ್ಷ. ಚುರುಕು ಹುಡುಗಿ, ಚುರುಕೇ ಅವಳ ಶತ್ರು. ಮೊದಲ ತಿಂಗಳೆಲ್ಲ ಸೋರಿತು. ಸೋರುವ ಭಯಕ್ಕೆ ಬಿಗಿದಳು. ಎರಡನೆಯ ತಿಂಗಳೆಲ್ಲ ಚೀಲ. ಒಂದು ಸಂಜೆ ಸೂಜಿ ಕೆಳಗಿಟ್ಟು, “ಮುದ್ದಣ್ಣ, ನನ್ನ ಕೈಯಾಗೆ ಇದು ಆಗಂಗಿಲ್ಲ ಬಿಡ್ರಿ” ಎಂದಳು. ಅವನು ಸಮಾಧಾನ ಹೇಳುವ ಗೋಜಿಗೇ ಹೋಗಲಿಲ್ಲ. ಹೊಸ ಬಲೂನು ಕಟ್ಟಿ, “ಸೋರಬಾರ್ದು, ಕಟ್ಟಬಾರ್ದು. ಇಷ್ಟೇಯ ತಾಯಿ. ಕುಂತ್ಕಳ್ರಿ” ಎಂದ.

ಹೀಗೆ ಆರು ತಿಂಗಳು ಕಳೆಯುವಷ್ಟರಲ್ಲಿ ಮುದ್ದಪ್ಪನ ಅಕ್ಕ ಓಬವ್ವನಿಗೆ ಡಯಾಲಿಸಿಸ್ ಶುರುವಾಯಿತು. ತಾಯಿ ತೀರಿಕೊಂಡ ಮೇಲೆ ಇವನನ್ನು ಸೊಂಟದ ಮೇಲಿಟ್ಟುಕೊಂಡೇ ಕುರಿ ಕಾಯ್ದವಳು ಅವಳು. ಕತ್ತಿನ ಬಳಿ ಹಾಕಿದ್ದ ತಾತ್ಕಾಲಿಕ ನಳಿಕೆ ಹೆಚ್ಚು ದಿನ ಇರುವಂತಿಲ್ಲ. ಬಲಗೈಯ ನಾಳಗಳು ಆಗಲೇ ಸೂಜಿ ತಿಂದು ಕೆಟ್ಟಿದ್ದವು. ಉಳಿದದ್ದು ಎಡ ಮಣಿಕಟ್ಟು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ರಾಮಾಂಜನೇಯ ಅವನನ್ನು ಕರೆದು, “ನಾನು ಪಕ್ಕದಾಗೇ ಇರ್ತೀನಿ. ಹೊಲಿಗೆ ಮೌನಿಕಾ ಹಾಕ್ಲಿ ಅಂತಿದೀನಿ. ನೀನೂ ನಿಮ್ಮಕ್ಕನೂ ಬೇಡ ಅಂದ್ರೆ ನಾನೇ ಹಾಕ್ತೀನಿ” ಎಂದರು. ಮೌನಿಕಾಳ ಲೆಕ್ಕವಿಲ್ಲದಷ್ಟು ಕೆಂಪು ಚುಕ್ಕೆಗಳನ್ನು ಬಲ್ಲವನು ಮುದ್ದಪ್ಪನೊಬ್ಬನೇ. ದೊಡ್ಡ ಡಾಕ್ಟರರೇ ಹೊಲಿಯಲಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

ನುಂಗಿಕೊಂಡ. “ಒಂದು ಬಲೂನು ಹೊಲೀಲಿ ಸಾರ್. ಆಮ್ಯಾಲೆ ಹೇಳ್ತೀನಿ.”

ಮೌನಿಕಾ ಹೊಲಿದಳು. ಅವನು ಕ್ಲಿಪ್ಪು ಬಿಚ್ಚಿ ಬಗ್ಗಿದ. ಟವೆಲ್ಲು ಬಿಳುಪಾಗಿಯೇ ಇತ್ತು. ಅವನ ಎಣಿಕೆ ಎಂಬತ್ತಾರು ಮುಟ್ಟಿದಾಗ ಲೋಟ ತುಂಬಿ ಮೇಜಿನ ಮೇಲೆ ಚೆಲ್ಲಿತು. ಆರು ತಿಂಗಳಲ್ಲಿ ಅವಳು ಕೇಳದಿದ್ದ ಮಾತನ್ನು ಅವನು ಅಂದು ಆಡಿದ: “ಹರೀತೈತೆ ತಾಯಿ.” ಓಬವ್ವನ ಮುಂದೆ ಸಂಗತಿಯೆಲ್ಲ ಬಿಚ್ಚಿಟ್ಟಾಗ ಅವಳು ಎಡಗೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಬಲಗೈಗೆ ದಾಟಿಸುತ್ತ, “ನಿನ್ನ ತಾವ ಪಾಸಾದೋಳು ನನಗೆ ಫೇಲಾಗ್ತಾಳೇನ್ಲಾ?” ಎಂದಳು.

ಇಪ್ಪತ್ತೆಂಟು ವರ್ಷ ಆ ಬಾಗಿಲೊಳಗೇ ದುಡಿದವನು ಅಂದು ಹೊರಗಿನ ಬೆಂಚಿನಲ್ಲಿ ಕುಳಿತ, ಟವೆಲ್ಲನ್ನು ಮಡಿಸುತ್ತ, ಬಿಚ್ಚುತ್ತ. ಒಂದೂವರೆ ಗಂಟೆಯ ಮೇಲೆ ಮೌನಿಕಾ ಬಂದು ಅವನನ್ನು ಒಳಗೆ ಕರೆದೊಯ್ದು, ಅವನ ಬೆರಳುಗಳನ್ನು ಓಬವ್ವನ ಮಣಿಕಟ್ಟಿನ ಪಟ್ಟಿಯ ಮೇಲ್ಗಡೆ ಮೆಲ್ಲಗೆ ಇಟ್ಟಳು. ಚರ್ಮದಡಿಯಲ್ಲಿ ರಕ್ತದ ಹರಿವು ಸಣ್ಣಗೆ, ಬಿಡದೆ, ಗುರುಗುರು ಎನ್ನುತ್ತಿತ್ತು. ಅವನು ಕಣ್ಣು ಮುಚ್ಚಿದ. “ಮರಿ ಹಾಲು ಕುಡಿವಾಗ ಗಂಟ್ಲು ಮುಟ್ಟಿದಂಗೈತೆ ಕಣಕ್ಕ,” ಎಂದವನೇ ಅದೇ ಟವೆಲ್ಲಿನಿಂದ, ಮೊಟ್ಟಮೊದಲ ಬಾರಿಗೆ, ಮುಖ ಒರೆಸಿಕೊಂಡ.

ಕೈಗೆ ಬಂದ ವಿದ್ಯೆಯ ಬಾಯನ್ನು ಬಿಗಿಯಾಗಿ ಹೊಲಿದು, ಒಂದು ಹನಿಯೂ ಆಚೆ ಹೋಗದಂತೆ ಕಾಯುವವರು ಎಲ್ಲ ಕಸುಬಿನಲ್ಲೂ ಇದ್ದಾರೆ. ಅವರ ಟವೆಲ್ಲು ಯಾವತ್ತೂ ಬಿಳಿಯೇ, ಅವರದು ತಪ್ಪೆನ್ನುವುದು ಕಷ್ಟ. ಮುದ್ದಪ್ಪನಂಥವರು ಬೇರೆ ಬಳಗ. ತಮ್ಮ ಚೀಲದ ಹೊಲಿಗೆಗೆ ತಾವೇ ಮೊದಲು ನಕ್ಕು, ಆಮೇಲೆ ಬಾಳೆಲ್ಲ ಆಚೆ ಬದಿಯ ಲೋಟವನ್ನೇ ನೋಡುತ್ತ ಕೂರುವವರು; ತಮಗೇ ಪೂರ್ತಿ ಬಾರದ ವಿದ್ಯೆಯನ್ನೂ ಇನ್ನೊಬ್ಬರ ಬೆರಳಿಗೆ ದಾಟಿಸಬಲ್ಲವರು. ಅಂಥವರ ಹೆಸರು ಯಾವ ಪ್ರಮಾಣಪತ್ರದಲ್ಲೂ ಇರುವುದಿಲ್ಲ. ಬೇಕಾದವರು ಮಾಡದಕೆರೆಗೆ ಹೋಗಿ ಓಬವ್ವನ ಎಡಗೈ ಮುಟ್ಟಿ ನೋಡಬಹುದು. ಅಲ್ಲಿ ಈಗಲೂ ಹರಿಯುತ್ತಿದೆ.