ಸತ್ಯವ್ವನ ನಡುವಿನ ಗಂಟು

ಬೆಳಿಗ್ಗೆ ಏಳೂಕಾಲಿಗೆ ಸತ್ಯವ್ವನ ಹೆಣಕ್ಕೆ ನೀರು ಹಾಕುತ್ತಿದ್ದಾಗ ಸೊಂಟಕ್ಕೆ ಕಟ್ಟಿದ್ದ ಒಂದು ಒದ್ದೆ ಗಂಟು ಸಿಕ್ಕಿತು. ಸೊಸೆ ನೀಲಾ ಬಿಚ್ಚಿದಳು. ಒಳಗೆ ಮೆಣಸಿನ ಬೀಜ. ಹೆಚ್ಚಿನವು ಹಾಗೇ ಇದ್ದವು. ಎಂಟು ಮಾತ್ರ ಮೊಳೆತಿದ್ದವು; ಬಿಳಿ ಬೇರು ಅಕ್ಕಿಕಾಳಿನಷ್ಟು ಉದ್ದ.

“ಏನದು?” ಎಂದಳು ಸತ್ಯವ್ವನ ತಂಗಿ ದುಂಡವ್ವ.

“ಬೀಜ, ಸಣ್ಣತ್ತಿ. ಮೈ ಕಾವಿಗೆ ಮೊಳೀಲಿ ಅಂತ ಕಟ್ಕೊಂಡಿದ್ರು. ಒಂಬತ್ತ ದಿನ ಆತು.”

“ಹೆಣದ ಮೈಮ್ಯಾಲಿಂದು ಮನ್ಯಾಗ ಉಳೀಬಾರದು. ಅಕಿ ಕೂಡನ ಹೋಗ್ಲಿ. ಕಟ್ಟು.”

“ಇಷ್ಟ ಉಳದಾವ್ರಿ.”

“ಕಟ್ಟು ಅಂದ್ನಿ.”

ದುಂಡವ್ವ ಬಕೆಟ್ ಎಳೆದುಕೊಳ್ಳಲು ತಿರುಗಿದಳು. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಗಂಟು ಕಟ್ಟಿಯಾಗಿತ್ತು. ಅದನ್ನು ಕಸಿದು, ಹೆಣಕ್ಕೆ ಉಡಿಸಬೇಕಿದ್ದ ಸೀರೆಯ ಸೆರಗಿಗೆ ಬಿಗಿದಳು.

“ಕೈ ತೋರ್ಸು.”

ನೀಲಾ ಎರಡೂ ಕೈ ತೋರಿಸಿದಳು. ಖಾಲಿ ಇದ್ದವು. ಮೊಳೆತ ಎಂಟು ಬೀಜ ಅವಳ ನಾಲಗೆಯ ಕೆಳಗಿದ್ದವು.

*

ಆ ಬೀಜ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಊರಿನದು. ಸತ್ಯವ್ವ ಅದನ್ನು ಗೋವಾದ ವಾಸ್ಕೋಗೆ ತಂದು, ಬಾಯ್ನಾ ಕಡಲದಂಡೆಯ ಗುಡಿಸಲ ಮುಂದೆ ಎಣ್ಣೆ ಡಬ್ಬಿಗಳಲ್ಲಿ ಬೆಳೆದಳು. 2004ರಲ್ಲಿ ಗುಡಿಸಲು ಕೆಡವಿದ ದಿನ ಪಾತ್ರೆಗಳಿಗಿಂತ ಮೊದಲು ಹೊರಗೆ ತಂದದ್ದು ಆ ಡಬ್ಬಿಗಳನ್ನು. ಆಮೇಲಿನ ಬಾಡಿಗೆ ಮನೆಯ ತಾರಸಿಯಲ್ಲಿ ಒಂದು ಮೂಲೆಗೆ ಊರಿನ ಮೆಣಸಿನಕಾಯಿ, ಎದುರು ಮೂಲೆಗೆ ಮಾರಲು ದೊಣ್ಣ ಮೆಣಸಿನಕಾಯಿ. ಎರಡರ ಪರಾಗ ಬೆರೆತರೆ ಮುಂದಿನ ಬೀಜ ಕೆಡುತ್ತದೆ. ಅದಕ್ಕೆ ಬೀಜದ ಗಿಡದ ಹೂಗಳಿಗೆ ಹಳೆಯ ನೈಲಾನ್ ಸೀರೆಯ ತುಂಡು ಕಟ್ಟುತ್ತಿದ್ದಳು.

“ಆ ಸಪ್ಪನ ಕಾಯಿ ಗಾಳಿ ಸೈತ ಇದಕ್ಕ ಬಡೀಬಾರದು,” ಎನ್ನುತ್ತಿದ್ದಳು.

ಕಳೆದ ವರ್ಷದ ಏಪ್ರಿಲ್‌ನಲ್ಲಿ ನೀಲಾಳ ಮದುವೆಯಾಗಿ ಮೂರು ತಿಂಗಳಾಗಿತ್ತು. ಅವಳ ಅಣ್ಣ ಊಟಕ್ಕೆ ಬಂದ. ಮನೆಯಲ್ಲಿ ಖಾರಪುಡಿ ಮುಗಿದಿತ್ತು. ಒಲೆಯ ಮೇಲುಗಡೆ ದಾರಕ್ಕೆ ಪೋಣಿಸಿದ್ದ ಇಪ್ಪತ್ತು ಒಣಕಾಯಿ ಇಳಿಸಿ ಕುಟ್ಟಿದಳು. ಅವು ಬೀಜಕ್ಕೆ ಇಟ್ಟವು ಎಂದು ಯಾರೂ ಹೇಳಿರಲಿಲ್ಲ.

ಸಂಜೆ ಸತ್ಯವ್ವ ಖಾಲಿ ದಾರ ನೋಡಿದಳು. ಬೈಯಲಿಲ್ಲ. ಅಂದಿನಿಂದ ಸೊಸೆಯೊಡನೆ ಮಾತೂ ಆಡಲಿಲ್ಲ. ಹತ್ತಡಿಯ ಕೋಣೆಯಲ್ಲಿ ಮೂವರು. ಮಾತೆಲ್ಲ ಮಗನ ಮೂಲಕ.

“ಹುಲಿಗ್ಯಾ, ಸಾರಿಗೆ ಉಪ್ಪ ಹೆಚ್ಚಾಗೈತಿ ಅಂತ ಹೇಳ ಅಕಿಗೆ.”

ಮಗ ಹುಲಿಗೆಪ್ಪ ಬಂದರಿನ ಕೆಲಸಕ್ಕೆ ಹೋಗಿದ್ದರೆ ಗೋಡೆಗೆ ಹೇಳುತ್ತಿದ್ದಳು. ನೀಲಾ ತಪ್ಪಾಯಿತು ಎನ್ನಲು ಬಾಯಿ ತೆಗೆದಾಗಲೆಲ್ಲ ಸತ್ಯವ್ವ ಎದ್ದು ತಾರಸಿಗೆ ಹೋಗುತ್ತಿದ್ದಳು. ಹದಿನಾಲ್ಕು ತಿಂಗಳು ಹೀಗೇ ನಡೆಯಿತು.

ತಾರಸಿಯ ಹಳೆಯ ಗಿಡಗಳು ಆಗಲೇ ಒಣಗಿದ್ದವು. ಟ್ರಂಕಿನ ತಳದಲ್ಲಿ ಒಂದು ಬೀಜದ ಪೊಟ್ಟಣ ಮಾತ್ರ ಉಳಿದಿತ್ತು, ಐದು ವರ್ಷ ಹಳೆಯದು. ಅದರಿಂದ ಸತ್ಯವ್ವ ಎರಡು ಸಲ ಬಿತ್ತಿದಳು, ಒಂದೂ ಏಳಲಿಲ್ಲ. ಮೂರನೆಯ ಸಲ ಉಳಿದಷ್ಟನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ನಡುವಿಗೆ ಕಟ್ಟಿಕೊಂಡಳು. ಜ್ವರ ಬಂದಾಗಲೂ ಬಿಚ್ಚಲಿಲ್ಲ.

*

ಹೆಣ ಎತ್ತುವ ತನಕ ಸೊಸೆ ತಲೆಯ ಬಳಿಯಿಂದ ಕದಲಬಾರದು. ನೀಲಾ ಕೂತಿದ್ದಳು. ಸುತ್ತ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಸತ್ತವಳಿಗೆ ಹೇಳುವುದನ್ನೆಲ್ಲ ಆಗಲೇ ಹೇಳಬೇಕು. ಹೊಗಳಿಕೆ, ದೂರು, ತಪ್ಪೊಪ್ಪಿಗೆ ಎಲ್ಲ.

“ಬಾಯ್ನಾದಾಗ ಮೀನಿನ ಬುಟ್ಟಿ ಹೊತ್ತ ನನ್ನಕ್ಕಾ, ನನಗ ಯಾರ್ನ ಬಿಟ್ಟ ಹೋದಿ,” ಎಂದು ದುಂಡವ್ವ ಎದೆ ಬಡಿದುಕೊಂಡಳು. ನಡುವೆ ನಿಲ್ಲಿಸಿ ನೀಲಾಳನ್ನು ನೋಡಿದಳು. “ನೋಡ್ರೆವ್ವಾ, ತುಟಿ ಹೊಲ್ಕೊಂಡ ಕುಂತಾಳ.”

“ಖಾರ ಕುಟ್ಟಾಕ ಕೈ ಬರ್ತಾವ, ಅಳಾಕ ಬಾಯಿ ಬರೂದಿಲ್ಲ,” ಎಂದು ಬಾಗಿಲ ಬಳಿ ಯಾರೋ ಅಂದರು. ಒಬ್ಬಿಬ್ಬರು ಸೆರಗಿನಲ್ಲಿ ನಕ್ಕರು.

“ಸೇಡ್ ತೀರ್ಸಾಕತ್ತಾಳ. ಅತ್ತಿ ಮಾತಾಡ್ಲಿಲ್ಲಲಾ, ಅದಕ್ಕ.”

ಪಕ್ಕದ ಮನೆಯ ಜಾಸ್ಮೀನ ಚಹಾ ತಂದಳು. “ಒಂದ್ ಗುಟುಕರ ಕುಡಿ, ನೀಲಾ. ಹೊಟ್ಟ್ಯಾಗ ಏನೂ ಇಲ್ಲ.” ನೀಲಾ ತಲೆಯಾಡಿಸಿದಳು. ಬಿಸಿ ತಾಗಿದರೆ ಮೊಳಕೆ ಸಾಯುತ್ತದೆ. ದವಡೆ ನೋಯುತ್ತಿತ್ತು. ಕಣ್ಣಿನಿಂದ ನೀರಿಳಿಯುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹನ್ನೊಂದಕ್ಕೆ ವ್ಯಾನ್ ಬಂತು. ಬಾಯಿಗೆ ನೀರು ಬಿಡುವ ಸರದಿ. ಹುಲಿಗೆಪ್ಪ ಬಿಟ್ಟ. ಲೋಟ ಹೆಂಡತಿಗೆ ಕೊಟ್ಟ.

“ಅತ್ತಿ ನೀರ ಕುಡೀರಿ ಅನ್ನು,” ಎಂದಳು ದುಂಡವ್ವ.

ನೀಲಾ ಸುಮ್ಮನೆ ನೀರು ಬಿಟ್ಟಳು. ಅದು ಸತ್ಯವ್ವನ ತುಟಿಯಂಚಿನಿಂದ ಹೊರಗೆ ಹರಿಯಿತು.

ಹುಲಿಗೆಪ್ಪ ಅವಳ ಪಕ್ಕ ಕೂತ. ದನಿ ತಗ್ಗಿಸಿದ. “ತಪ್ಪಾತು ಅನ್ನಬೇಕಂತ ನನ್ನ ಮುಂದ ಎಷ್ಟ ಸಲ ಕಣ್ಣೀರ ಹಾಕಿದಿ ನೀ. ಈಗ ಅನ್ನು. ಎದ್ದ ಹೋಗೂದಿಲ್ಲ ಅಕಿ.”

ನೀಲಾ ಅವನ ತೋಳು ಹಿಡಿದಳು. ಬಾಯಲ್ಲಿ ತುಂಬಿದ್ದ ಉಗುಳು ನುಂಗಿದಳು. ಒಂದು ಬೀಜ ಒಳಗೆ ಹೋಯಿತು. ಅವಳು ಹಲ್ಲು ಕಚ್ಚಿದಳು.

“ಒಂದ ಮಾತ, ನೀಲಾ.”

ಅವಳು ಇಲ್ಲವೆಂದು ತಲೆಯಾಡಿಸಿದಳು.

ಹುಲಿಗೆಪ್ಪ ತೋಳು ಬಿಡಿಸಿಕೊಂಡು ಎದ್ದ. “ಎತ್ರಿ,” ಎಂದ.

“ಇಂಥಾ ಕಲ್ಲ ನಾ ನೋಡಿಲ್ಲ,” ಎಂದಳು ದುಂಡವ್ವ. ಗಂಡಸರು ಚಟ್ಟ ಎತ್ತಿದರು.

ಹೆಂಗಸರು ಬಾಗಿಲಿಗೆ ನುಗ್ಗಿದರು. ನೀಲಾ ಹಿಂದಿನ ಮೆಟ್ಟಿಲು ಹತ್ತಿದಳು. ತಾರಸಿಯಲ್ಲಿ ಅಂಗೈಗೆ ಉಗುಳಿದಳು. ಏಳು. ಎರಡರ ಬೇರು ಮುರಿದಿತ್ತು. ಕತ್ತರಿಸಿದ ಎಣ್ಣೆ ಡಬ್ಬಿಯ ಮಣ್ಣಿನಲ್ಲಿ ಬೆರಳಿನಿಂದ ಏಳು ಕುಳಿ ಮಾಡಿ, ಏಳನ್ನೂ ಇಟ್ಟು ಮುಚ್ಚಿದಳು. ಆಮೇಲೆ ಗೋಡೆಗೆ ಓಡಿ ಬಗ್ಗಿ, “ಅತ್ತೀ” ಎಂದು ಕೂಗಿದಳು. ವ್ಯಾನ್ ಇಳಿಜಾರಿನ ತಿರುವು ದಾಟಿತ್ತು.

ಹುಲಿಗೆಪ್ಪ ಹದಿಮೂರನೆಯ ದಿನದ ತನಕ ಅವಳೊಡನೆ ಮಾತನಾಡಲಿಲ್ಲ. ದುಂಡವ್ವ ಮತ್ತೆ ಆ ಮನೆಗೆ ಬರಲಿಲ್ಲ. ಏಳರಲ್ಲಿ ಎರಡು ಗಿಡ ಎದ್ದವು. ಒಂದನ್ನು ಜುಲೈ ಮಳೆಯಲ್ಲಿ ಬಸವನಹುಳು ತಿಂದಿತು. ಇನ್ನೊಂದು ಅಕ್ಟೋಬರ್‌ನಲ್ಲಿ ಒಂಬತ್ತು ಕಾಯಿ ಬಿಟ್ಟಿತು.