ಒಂಟಿ ಕೈಯ ಸೇಬು

ಉರುಳುತ್ತಿದೆ, ಮತ್ತೆ ಉರುಳುತ್ತಿದೆ, ಹಿಡಿ ಹಿಡಿ, ಎಡಗೈ ಅಲ್ಲಿಗೆ ಹೋಗುವಷ್ಟರಲ್ಲಿ ಸೇಬು ಆಸ್ಪತ್ರೆಯ ಅಡುಗೆಕಟ್ಟೆಯ ಅಂಚಿಗೆ ಹೋಗಿ ನಿಂತಿತು, ಪುಣ್ಯ, ಅಂಚಿಗೊಂದು ಮರದ ಪಟ್ಟಿ ಇದೆ, ನನ್ನಂಥವರಿಗೆಂದೇ ಬಡಿದಿದ್ದಾರೆ ಅದನ್ನು — ಏನು ಹೊಳಪಪ್ಪ ಈ ಸೇಬಿಗೆ, ಮೇಣ ಹಚ್ಚಿದ ಹೊಳಪು, ನಮ್ಮ ದಿಬ್ಬದ ತೋಟಗಳಲ್ಲಿ ಅಕ್ಟೋಬರಿನಲ್ಲಿ ಮರದಿಂದ ಕಿತ್ತು ಅಂಗಿಗೆ ಒರೆಸಿ ಕಚ್ಚುವ ಹಣ್ಣಿಗೆ ಇಂಥ ಹೊಳಪಿರುವುದಿಲ್ಲ, ಅದರ ಮೈಮೇಲೆ ಬೂದಿಯಂಥದೊಂದು ಇರುತ್ತದೆ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ, ರೆನಾಟಾಗೆ ಹೇಳಬೇಕು ಇದನ್ನು, ಮಿಶಿಗನ್ನಿನಲ್ಲಿ ಸೇಬಿನ ತೋಟಗಳ ನಡುವೆ ಆಸ್ಪತ್ರೆ ಕಟ್ಟಿಕೊಂಡು ಹಣ್ಣು ಮಾತ್ರ ದೇಶದ ಆ ತುದಿಯಿಂದ ತರಿಸುತ್ತೀರಲ್ಲಮ್ಮ ಅಂತ, ಬಾಯಿ ತೆರೆದೆ, ಬಂದ ಮಾತು ಮಂಗಳವಾರ. ಹೌದಾ ಮಾರ್ಲಿಸ್, ಆತುರ ಇಲ್ಲ, ನಿಧಾನಕ್ಕೆ ಮಾಡಿ, ಅಂದಳು ರೆನಾಟಾ. ಕೈಗೆ ಕೆಲಸ ಮತ್ತೆ ಕಲಿಸುವ ಥೆರಪಿಸ್ಟು, ನನ್ನ ಮಗಳು ಕೊರಿನ್‌ಗಿಂತ ಚಿಕ್ಕವಳು, ಕೂದಲು ಮಾತ್ರ ತುದಿ ಸೀಳಿ ಹೋಗಿದೆ, ಒಂದು ಇಂಚು ತೆಗೆದರೆ ಮುಖಕ್ಕೆ ಎಷ್ಟು ಕಳೆ ಬರುತ್ತದೆ ಅಂತ ಅದನ್ನೂ ಹೇಳಬೇಕು, ಹೇಳಿದರೆ ಅದೂ ಮಂಗಳವಾರ. ಕತ್ತರಿಸಿದ ಕೂದಲು ಗುಡಿಸಿದ ಹಾಗೆ ಆ ಸ್ಟ್ರೋಕು ಬಲಗೈ ಕಿತ್ತುಕೊಂಡದ್ದಲ್ಲದೆ ನನ್ನ ಮಾತನ್ನೆಲ್ಲ ಗುಡಿಸಿ ಹೊರಗೆ ಹಾಕಿತು, ಮೂಲೆಯಲ್ಲಿ ಇದೊಂದು ಪುಡಿ ಉಳಿಯಿತು, ಅದೂ ಯಾಕೆ ಮಂಗಳವಾರ, ನಾನು ಹುಟ್ಟಿದ್ದು ಮಂಗಳವಾರ ಅಲ್ಲ, ಮದುವೆಯಾದದ್ದು ಅಲ್ಲ, ನನ್ನ ಬದುಕಿನಲ್ಲಿ ಯಾವ ಮಂಗಳವಾರವೂ ಏನೂ ಆಗಿಲ್ಲ. ನೀರು ಬೇಕಾದರೂ ಮಂಗಳವಾರ, ನೋವಾದರೂ ಮಂಗಳವಾರ, ಗೋಡೆ ಪಕ್ಕ ಕುರ್ಚಿಯಲ್ಲಿ ಟೋಪಿಯನ್ನು ಮಂಡಿ ಮೇಲಿಟ್ಟುಕೊಂಡು ಕೂತಿದ್ದಾನಲ್ಲ ಡರ್ಕ್, ನನ್ನ ಗಂಡ, ಅವನನ್ನು ಹೆಸರು ಹಿಡಿದು ಕರೆಯಹೋದರೂ ಮಂಗಳವಾರ. ನೋಡು ಅವನ ತಲೆ, ಕೂದಲು ಕಿವಿ ಮುಚ್ಚಿ ಕಾಲರಿಗೆ ಇಳಿದಿದೆ, ಮದುವೆಯಾದಾಗಿನಿಂದ ಆ ತಲೆಗೆ ನನ್ನ ಕತ್ತರಿ ಬಿಟ್ಟು ಇನ್ನೊಂದು ಸೋಕಿಲ್ಲ, ಅಪ್ಪಾ, ಊರಲ್ಲಿ ಬೇರೆ ಸಲೂನ್ ಇಲ್ವಾ, ಕಾಡುಮನುಷ್ಯನ ಥರ ಕಾಣ್ತಿದ್ದೀಯ ಅಂತ ಕೊರಿನ್ ಬೈದರೆ, ಇರ್ಲಿ ಬಿಡೆ, ನಿಮ್ಮಮ್ಮ ಹುಷಾರಾಗ್ಲಿ ಅಂದನಂತೆ. ಅದೇ ಬಾಯಿ ಮಾರನೆಯ ದಿನ ನನ್ನ ಕೋಣೆಯ ಬಾಗಿಲಾಚೆ ಏನಂದಿತು, ಪರದೆ ಎಳೆದುಬಿಟ್ಟರೆ ಕಿವಿಯೂ ಮುಚ್ಚಿತು ಅಂದುಕೊಂಡಿದ್ದಾರೆ ಇವರು, ಮಾತು ಹೋದವಳಿಗೆ ಕೇಳಿಸುವುದೂ ಇಲ್ಲ ಅಂದುಕೊಂಡಿದ್ದಾರೆ — ನೋಡು ಕೊರಿನ್, ಬೆಳಗ್ಗೆ ಹೋದ್ರೆ ಸಾಯಂಕಾಲ ಬರೋನು ನಾನು, ಅಷ್ಟು ಹೊತ್ತು ಒಬ್ಬಳನ್ನೇ ಹೆಂಗೆ ಬಿಡ್ಲಿ, ಆ ಕೇರ್ ಹೋಮ್‌ನೋರು ಒಂದು ರೂಮಿದೆ ಅಂತಿದ್ದಾರೆ, ಒಳ್ಳೆ ಕಿಟಕಿ ಇದೆಯಂತೆ. ಕಿಟಕಿ ಇದೆಯಂತೆ! ಕೋಳಿಗೂಡಿಗೂ ಇರುತ್ತದೆ ಕಿಟಕಿ. ಶುಕ್ರವಾರ ಡಾಕ್ಟರು, ನರ್ಸು, ಎಲ್ಲ ಸೇರಿ ಕೂತು ನನ್ನನ್ನು ಎಲ್ಲಿಡಬೇಕು ಅಂತ ಮಾತಾಡುತ್ತಾರೆ, ಮನೆಗೋ, ಆ ಕಿಟಕಿಗೋ, ಅಷ್ಟರೊಳಗೆ ನಾನು ಒಲೆ ಹಚ್ಚದೆ, ಯಾರ ಕೈ ಸೋಕದೆ, ನನ್ನ ಹೊಟ್ಟೆಗೆ ಏನಾದರೂ ಮಾಡಿಕೊಂಡು ತಿಂದು ತೋರಿಸಬೇಕು, ರೆನಾಟಾ ಹಾಗಂದಾಗ ನಾನು ಅವಳು ಮುಂದೆ ಹರಡಿದ ಚಿತ್ರದ ಕಾರ್ಡುಗಳಲ್ಲಿ ಸೇಬಿನ ಮೇಲೆ ಬೆರಳಿಟ್ಟೆ, ಆಮೇಲೆ ಕಡಲೆಕಾಯಿ ಬೆಣ್ಣೆಯ ಮೇಲೆ, ಆಮೇಲೆ ಒಣದ್ರಾಕ್ಷಿ ಮೇಲೆ, ನುಂಗುವ ಪರೀಕ್ಷೆಯಲ್ಲಿ ಪಾಸಾಗಿದ್ದೀರಿ, ಪರವಾಗಿಲ್ಲ, ತಿನ್ನಬಹುದು ಅಂದಳು, ಡರ್ಕ್ ಮಾತ್ರ ಅದೂ ಒಂದು ಊಟಾನಾ ಅಂದ.

ಊಟವೇ ಕಣಯ್ಯ, ನನ್ನ ಸಲೂನಿನ ಹಿಂದಿನ ಕೋಣೆಯಲ್ಲಿ ನಾನು ಮಧ್ಯಾಹ್ನ ತಿಂದದ್ದೆಲ್ಲ ಅದೇ, ಗಿರಾಕಿಯ ತಲೆಗೆ ಬಣ್ಣ ಹಚ್ಚಿ ಪ್ಲಾಸ್ಟಿಕ್ ಟೋಪಿ ಹಾಕಿ ಕೂರಿಸಿದರೆ ಬಣ್ಣ ಹಿಡಿಯುವಷ್ಟು ಹೊತ್ತು ನನ್ನದು, ನಿಂತುಕೊಂಡೇ ಸೇಬು ಹೆಚ್ಚಿ, ಒಂದೊಂದು ಹೋಳನ್ನೂ ಡಬ್ಬಿಗೇ ಅದ್ದಿ ಅದ್ದಿ, ಬಾಯ್ತುಂಬ ಇಟ್ಟುಕೊಂಡೇ ಆಚೆಯವಳ ಸೊಸೆಯ ಕಥೆಗೆ ಹ್ಞೂಂ ಹ್ಞೂಂ ಅಂತ — ಮಣೆ ಇಲ್ಲಿ, ಮಾರ್ಲಿಸ್, ಅಂದಳು ರೆನಾಟಾ, ಮಣೆಯಲ್ಲಿ ಎರಡು ಮೊಳೆ ಮೊನೆ ಮೇಲಾಗಿ ನಿಂತಿವೆ, ಹಣ್ಣನ್ನು ಅದಕ್ಕೆ ಚುಚ್ಚಿ ನಿಲ್ಲಿಸಬೇಕಂತೆ, ಹಿಡಿಯುವ ಕೈ ಇಲ್ಲದಿದ್ದರೆ ಮೊಳೆಯೇ ಕೈ. ಎತ್ತಿ ಒತ್ತಿದೆ, ಕಚಕ್ ಅಂತ ಕೂತಿತು, ರಸ ಚಿಮ್ಮಿ ಮಣಿಕಟ್ಟಿಗೆ ಬಿತ್ತು, ತಣ್ಣಗೆ, ಆಹಾ, ಎಡಗೈಗೆ ಎಲ್ಲ ತಿಳಿಯುತ್ತದೆ, ತಣ್ಣಗೆ ಬಿಸಿ ಅಂಟು ಜಿಡ್ಡು ಎಲ್ಲ, ಆದರೆ ಕೆಲಸ ಬರುವುದಿಲ್ಲ ಅದಕ್ಕೆ, ಜೀವಮಾನವೆಲ್ಲ ಬಾಚಣಿಗೆ ಹಿಡಿದ ಕೈ ಅದು, ಕೂದಲನ್ನು ಎರಡು ಬೆರಳ ಮಧ್ಯೆ ಎಳೆದು ಹಿಡಿದು ನಿಲ್ಲುತ್ತಿತ್ತು, ಕತ್ತರಿಸುವ ಯಜಮಾನಿಕೆ ಬಲಗೈಯದು, ಈಗ ಬಲಗೈ ಎಂಬ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಎಡಗೈ ಎಂಬ ಸೊಸೆಯ ಸೊಂಟಕ್ಕೆ ಬೀಗದ ಕೈ ಬಂದಿದೆ, ಯಾವ ಬೀಗಕ್ಕೆ ಯಾವುದು ಅಂತ ಗೊತ್ತಿಲ್ಲ. ಅತ್ತೆ ನೋಡು ಕಟ್ಟೆ ಮೇಲೆ ಹೇಗೆ ಮಲಗಿದ್ದಾಳೆ, ಬೆರಳು ಮಡಿಸಿಕೊಂಡು, ಯಾರೋ ಮರೆತು ಬಿಟ್ಟುಹೋದ ಕೈಚೀಲದ ಹಾಗೆ. ಚಾಕು ಬಾಗಿದ ಚಾಕು, ತೊಟ್ಟಿಲಿನ ತಳದ ಹಾಗೆ, ಮೇಲೆ ಹಿಡಿ, ಅತ್ತಿತ್ತ ತೂಗಿದರೆ ತಾನೇ ಕೊಯ್ಯುತ್ತದೆ, ತೂಗಿದೆ, ಹಣ್ಣು ಬಿರಿಯಿತು, ಒಂದು ಹೋಳು ಪುಸ್ತಕದಷ್ಟು ದಪ್ಪ, ಮುಂದಿನದು ಕಾಗದದಷ್ಟು ತೆಳ್ಳಗೆ, ಯಾರಾದರೂ ಕಲಿಯುವ ಹುಡುಗಿ ಹೀಗೆ ಜುಟ್ಟು ಕತ್ತರಿಸಿದ್ದರೆ ಮನೆಗೆ ಕಳಿಸುತ್ತಿದ್ದೆ, ಆದರೂ ಹೋಳು ಹೋಳೇ. ಸ್ಟ್ರೋಕು ಬಡಿದ ದಿನ ಗೆರ್ಡಾ ಕೂತಿದ್ದಳು ನನ್ನ ಕುರ್ಚಿಯಲ್ಲಿ, ನಮ್ಮ ಚರ್ಚಿನ ಗೆರ್ಡಾ, ಎಡಪಕ್ಕ ಮುಗಿಸಿ ಬಲಪಕ್ಕಕ್ಕೆ ಬಂದೆ, ಕತ್ತರಿ ನೆಲಕ್ಕೆ ಬಿತ್ತು, ಯಾರೋ ಬೀಳಿಸಿದರು ಅಂದುಕೊಂಡೆ ನಾನು, ಬಗ್ಗಿ ಎತ್ತಿಕೊಳ್ಳಲು ಹೋದೆ, ನೆಲವೇ ಎದ್ದು ಬಂತು, ಗೆರ್ಡಾಳ ಬೂಟು ಕಣ್ಣ ಮುಂದೆ, ಬೂಟಿನ ಲೇಸಿನ ಮೇಲೆ ಅವಳದೇ ಬಿಳಿ ಕೂದಲು, ಅವಳು ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲೇ ಆಂಬುಲೆನ್ಸ್ ಹತ್ತಿ ಬಂದಳು, ಮೈಮೇಲೆ ಕೂದಲ ಚೂರು, ಒಂದು ಕಡೆ ಗಿಡ್ಡ ಒಂದು ಕಡೆ ಉದ್ದ, ಡಾಕ್ಟರು ಮೊದಲು ಅವಳನ್ನೇ ರೋಗಿ ಅಂದುಕೊಂಡರಂತೆ. ಆಮೇಲೆ ನೋಡಲು ಬಂದಾಗ ನಗಿಸಿದಳು, ನೀನು ಮುಗಿಸೋತನಕ ಹಿಂಗೇ ಇರ್ತೀನಿ ಮಾರ್ಲಿ, ಚರ್ಚಲ್ಲಿ ಎಡಗಡೆ ಕೂತೋರಿಗೆ ಒಂದು ಗೆರ್ಡಾ, ಬಲಗಡೆ ಕೂತೋರಿಗೆ ಇನ್ನೊಂದು ಗೆರ್ಡಾ, ಅಂತ, ನಾನು ನಕ್ಕೆ, ನಗು ಬರುತ್ತದೆ ನನಗೆ, ನಗುವಿಗೆ ಮಾತು ಬೇಕಿಲ್ಲ.

ಈಗ ಡಬ್ಬಿ, ಕಡಲೆಕಾಯಿ ಬೆಣ್ಣೆಯ ಡಬ್ಬಿ, ಹೊಸದು, ಅಯ್ಯೋ ಹೊಸದೇ ಯಾಕೆ ಕೊಟ್ಟಳು ಹುಡುಗಿ, ಮುಚ್ಚಳ ಎಷ್ಟು ಬಿಗಿ ಇರುತ್ತದೆ, ಮನೇಲೂ ಹೊಸ ಡಬ್ಬಿ ಇರುತ್ತಲ್ವಾ ಮಾರ್ಲಿಸ್ ಅಂದಳು, ನನ್ನ ಮನಸ್ಸು ಓದಿದವಳ ಹಾಗೆ. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಡಬ್ಬಿ ಇಟ್ಟು ತಿರುಗಿಸಿದೆ, ಮುಚ್ಚಳದ ಜೊತೆ ಡಬ್ಬಿಯೂ ತಿರುಗಿತು, ಬಟ್ಟೆಯೂ ತಿರುಗಿತು, ಎದೆಗೆ ಒತ್ತಿಕೊಂಡು ತಿರುಗಿಸಿದೆ, ಜಾರಿತು, ಡರ್ಕ್ ಎದ್ದ, ಬಿಡೆ ಮಾರ್ಲಿ, ಕೊಡಿಲ್ಲಿ, ಒಂದು ನಿಮಿಷದ ಕೆಲ್ಸ ಅಂದ, ಡರ್ಕ್, ಕೂತ್ಕೊಳ್ಳಿ ಅಂದಳು ರೆನಾಟಾ, ಕೂತ, ಮತ್ತೆ ಎದ್ದ, ಬರೀ ಮುಚ್ಚಳ ಸಡಿಲ ಮಾಡಿ ಕೊಡ್ತೀನಿ ಅಷ್ಟೇ ಕಣಮ್ಮ, ಕೂತ್ಕೊಳ್ಳಿ ಡರ್ಕ್, ಚರ್ಚಿನಲ್ಲಿ ಪ್ರಾರ್ಥನೆಗೆ ಎದ್ದು ಕೂರುವ ಹಾಗೆ ಇವನದು, ಆ ಗಲಾಟೆಯಲ್ಲಿ ಡಬ್ಬಿ ನನ್ನ ಕೈ ತಪ್ಪಿ ಧಡ್ ಅಂತ ನೆಲಕ್ಕೆ ಬಿದ್ದು ಉರುಳಿ ಮೇಜಿನಡಿ ಹೋಯಿತು, ಥೂ ನಿನ್ನ ಮನೆ ಹಾಳಾಗ! ಯಾರು ಅಂದದ್ದು ಅದು, ನಾನೇ, ನನ್ನ ಬಾಯಿ, ಅಕ್ಷರ ಅಕ್ಷರ ಸ್ಪಷ್ಟ, ರೆನಾಟಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬೈಗುಳ ಮೆದುಳಿನ ಬೇರೆ ಕೋಣೇಲಿ ಇರುತ್ತೆ ಮಾರ್ಲಿಸ್, ಆ ಕೋಣೆಗೆ ಏನೂ ಆಗಿಲ್ಲ ನೋಡಿ ಅಂತ, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಓಡಾಡುವ ನನ್ನ ಗಂಡ ಬಾಯಿ ಬಿಟ್ಟುಕೊಂಡು ನಿಂತಿದ್ದ, ನಾನು ಇವಳ ಬಾಯಲ್ಲಿ ಇದನ್ನ ಕೇಳಿದ್ದು ಒಂದೇ ಸಲ, ಕೊರಿನ್ ಹುಟ್ಟೋವಾಗ, ಆವಾಗ ಬೈದದ್ದು ನನಗೆ, ಅಂದು ಅವನೂ ನಕ್ಕ, ನಗುತ್ತ ನಗುತ್ತ ಟೋಪಿಯಲ್ಲಿ ಕಣ್ಣೊರೆಸಿಕೊಂಡ, ಒರೆಸಿದಷ್ಟೂ ಬಂತು, ಅದು ನಗುವಲ್ಲ, ನಗು ಯಾವಾಗಲೋ ಮುಗಿದಿದೆ. ರೆನಾಟಾ ಕಡೆ ತಿರುಗಿ ಹೇಳುತ್ತಿದ್ದಾನೆ, ನಿಮಗೆ ಗೊತ್ತಿಲ್ಲ, ಇವಳು ಬಿದ್ದಾಗ ಗೆರ್ಡಾ ಇದ್ದಳು ಪಕ್ಕದಲ್ಲಿ, ಮನೇಲಿ ಬಿದ್ರೆ ಯಾರಿದ್ದಾರೆ, ನಾನು ಕೋಲ್ಡ್ ಸ್ಟೋರೇಜಲ್ಲಿ ಸೇಬಿನ ಪೆಟ್ಟಿಗೆ ಎತ್ತಿಡ್ತಾ ಇರ್ತೀನಿ, ಗಾಡಿ ಓಡಿಸ್ತಾ ಇದ್ದಂಗೇ ಕಣ್ಣಿಗೆ ಕಟ್ಟುತ್ತೆ, ಬಾಗಿಲು ತೆಗೀತೀನಿ, ಇವಳು ಅಡುಗೆಮನೆ ನೆಲದ ಮೇಲೆ, ಎಷ್ಟು ಹೊತ್ತಿಂದ ಬಿದ್ದಿದ್ದಾಳೋ ಗೊತ್ತಿಲ್ಲ, ಕೂಗೋದಕ್ಕೂ ಮಾತಿಲ್ಲ ಇವಳಿಗೆ. ನನಗೆ ಹೇಳ್ಬೇಡಿ ಡರ್ಕ್, ಅಂದಳು ರೆನಾಟಾ ಮೆಲ್ಲಗೆ, ಅವರಿಗೆ ಹೇಳಿ, ಅವರು ಇಲ್ಲೇ ಇದ್ದಾರೆ. ಎಷ್ಟು ಹೊತ್ತು ತೆಗೆದುಕೊಂಡ ಅವನು ನನ್ನ ಕಡೆ ತಿರುಗಲು, ಮಾರ್ಲಿ, ಒಂದು ರೂಮಿನ ವಿಷಯ, ನಿನಗೆ ಹೇಳಿಲ್ಲ ನಾನು ಅಂದ, ಮಂಗಳವಾರ ಅಂದೆ, ಗಂಡ ಸುಳ್ಳು ಹೇಳಿದ ಅಂತ ಅಳುತ್ತ ಬಂದ ಗಿರಾಕಿಗೆ ನನಗದು ಮೊದಲೇ ಗೊತ್ತಿತ್ತಮ್ಮ ಅನ್ನುವ ದನಿಯಲ್ಲಿ, ಗೊತ್ತಿತ್ತಾ ನಿನಗೆ, ಮಂಗಳವಾರ, ಕೇಳಿಸ್ಕೊಂಡ್ಯಾ ಎಲ್ಲಾನೂ, ಮಂಗಳವಾರ, ಕಿಟಕಿ ವಿಷಯಾನೂ, ಮಂಗಳವಾರ! ಅಯ್ಯೋ ದೇವರೇ, ಅಂದು ತಲೆ ತಗ್ಗಿಸಿದ. ಮೊದಲ ಸಲ, ಆಸ್ಪತ್ರೆಗೆ ಬಂದಾಗಿನಿಂದ ಮೊದಲ ಸಲ ನಾನೂ ಇವನೂ ಮಾತಾಡಿದೆವು, ನಾನು ಕೇಳಿದ್ದಕ್ಕೆ ಅವನು, ಅವನು ಕೇಳಿದ್ದಕ್ಕೆ ನಾನು, ಎಷ್ಟು ಸುಲಭ, ದನಿಯೊಂದಿದ್ದರೆ ಸಾಕು, ಆದರೆ ದನಿಯಲ್ಲಿ ಹೇಗೆ ಹೇಳಲಿ ಇದನ್ನು, ನೆಲದ ಭಯ ನನಗಿಲ್ಲ ಡರ್ಕ್, ನೆಲ ನೋಡಿದ್ದೇನೆ ನಾನು, ಒರಟು, ತಣ್ಣಗೆ, ಅಷ್ಟೇ, ನನಗೆ ಭಯ ಪೆಟ್ಟಿಗೆಯದು, ನೀನು ಚಳಿಯ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿ ಬಾಗಿಲು ಹಾಕಿ ಬರುತ್ತೀಯಲ್ಲ, ಕೆಡದಂತೆ, ಏನೂ ಆಗದಂತೆ, ಹಾಗೆ ನನ್ನನ್ನೂ ಇಟ್ಟುಬಿಡುತ್ತೀರಲ್ಲ, ಅದು.

ರೆನಾಟಾ ಡಬ್ಬಿ ಎತ್ತಿ ಒರೆಸಿ ಕಟ್ಟೆ ಮೇಲಿಟ್ಟಳು, ಒಡೆದಿಲ್ಲ, ಸಾಕಾ ಇವತ್ತಿಗೆ, ಇಲ್ಲ ಇನ್ನೊಂದು ಸಲ ನೋಡೋಣವಾ ಅಂತ, ನಾನು ಕುರ್ಚಿಯನ್ನು ಕಾಲಿನಿಂದ ಎಳೆದು ಕೂತೆ, ನಿಂತರೆ ಆಗುವುದಿಲ್ಲ, ಕೂತರೆ ತೊಡೆ ಇದೆಯಲ್ಲ, ಡಬ್ಬಿಯನ್ನು ಎರಡು ಮಂಡಿಯ ನಡುವೆ ಸಿಕ್ಕಿಸಿ ಒತ್ತಿದೆ, ಎಡಗಡೆ ಬಿಗಿಯಾಯಿತು, ಬಲಗಡೆಯ ತೊಡೆ ಮನಸ್ಸಿಲ್ಲದೆ ಒತ್ತುತ್ತಿದೆ, ಡಬ್ಬಿ ಆ ಕಡೆ ವಾಲಿತು, ನಿಮ್ಮ ಬಲಗೈನೂ ಕೆಲಸಕ್ಕೆ ಕರೀರಿ ಅಂದಳು ರೆನಾಟಾ, ಹಿಡೀದಿದ್ರೂ ಭಾರ ಇದೆ ಅದಕ್ಕೆ, ಹೌದಲ್ಲ, ಭಾರವೂ ಒಂದು ಕೆಲಸ, ಎಡಗೈಯಿಂದ ಬಲಗೈ ಎತ್ತಿದೆ, ಮಲಗಿದ ಮಗುವನ್ನು ಎತ್ತುವ ಹಾಗೆ, ಏಳಮ್ಮ ಅತ್ತೆ, ಡಬ್ಬಿಯ ಹೆಗಲ ಮೇಲೆ ಇಟ್ಟೆ, ಬೆರಳು ಬಿಡಿಸಿ ಒಂದೊಂದನ್ನೇ ಸುತ್ತ ಹಾಸಿದೆ, ಜಾರಿತು, ಮತ್ತೆ ಇಟ್ಟೆ, ನಿಂತಿತು. ಈಗ ಮುಚ್ಚಳ. ತಿರುಗಿಸಿದೆ, ಇಲ್ಲ, ಹಲ್ಲು ಕಚ್ಚಿ, ಇಲ್ಲ, ಕುತ್ತಿಗೆಯ ನರ ಉಬ್ಬಿರಬೇಕು, ಬೆವರು, ಕುರ್ಚಿ ಸರಿದ ಸದ್ದು, ಎದ್ದನಾ, ಎದ್ದೇ ಎದ್ದಿರುತ್ತಾನೆ, ಬರಬೇಡ ಡರ್ಕ್, ಈಗ ಬಂದರೆ ನಾನು ಶುಕ್ರವಾರದ ಮೀಟಿಂಗು ಸೋತಂತೆ ಅಲ್ಲ, ಅದಕ್ಕಿಂತ ದೊಡ್ಡದೇನೋ ಸೋತಂತೆ, ಬರಬೇಡ ಅನ್ನಲು ಕಣ್ಣೆತ್ತಿದೆ — ಎದ್ದಿಲ್ಲ, ಕುರ್ಚಿಯ ತುದಿಗೆ ಬಂದಿದ್ದಾನೆ, ಟೋಪಿ ನೆಲದಲ್ಲಿ, ಅವನ ಬಲಗೈ ನನ್ನ ಕಡೆ ಚಾಚಿದೆ, ಅವನ ಎಡಗೈ ಆ ಬಲಗೈಯ ಮಣಿಕಟ್ಟನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿದೆ, ಹಗ್ಗ ಬಿಚ್ಚಿಕೊಂಡ ಹೋರಿಯನ್ನು ಹಿಡಿದ ಹಾಗೆ, ಬೆರಳ ಗಿಣ್ಣು ಬೆಳ್ಳಗೆ — ಮುಚ್ಚಳ ಟಕ್ ಅಂತು. ಟಕ್. ಎಲ್ಲಿತ್ತೋ ಆ ಸದ್ದು, ಎಷ್ಟು ಸಣ್ಣದು. ಹುರಿದ ಕಡಲೆಕಾಯಿಯ ವಾಸನೆ ಗಪ್ಪನೆ ಎದ್ದಿತು, ರೆನಾಟಾ ಚಪ್ಪಾಳೆ ತಟ್ಟಲಿಲ್ಲ, ಒಳ್ಳೆಯ ಹುಡುಗಿ, ಸುಮ್ಮನೆ ನನ್ನ ಬೆನ್ನ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದಳು. ಡರ್ಕ್ ಮಾತಾಡುತ್ತಿದ್ದಾನೆ, ಆ ರೂಮು ಬೇಡ ಅಂತ ಹೇಳ್ತೀನಿ ಮಾರ್ಲಿ, ಕೊರಿನ್‌ಗೂ ಹೇಳ್ತೀನಿ, ಮನೆಗೆ ಹೋಗೋಣ, ಆದ್ರೆ ಒಂದು ಮಾತು, ಮಧ್ಯಾಹ್ನ ನಾನೊಂದು ಸಲ ಬಂದು ನೋಡ್ಕೊಂಡು ಹೋಗ್ತೀನಿ, ಅಷ್ಟಕ್ಕೆ ಒಪ್ಕೋ, ಬೇಡ ಅನ್ನಬೇಡ, ಮಂಗಳವಾರ ಅಂದೆ, ಇದು ಹೌದು ಅನ್ನೋ ಮಂಗಳವಾರಾನಾ ಅಂತ ರೆನಾಟಾ ಕೇಳಿದ್ದಕ್ಕೆ ಅವನೇ ಹೇಳಿದ, ಹೌದು ಅನ್ನೋದೇ, ನನಗೆ ಗೊತ್ತಾಗುತ್ತೆ, ಹಾಗಾದ್ರೆ ಶುಕ್ರವಾರ ನಾನೂ ಮನೆ ಅಂತಾನೇ ಹೇಳ್ತೀನಿ ಅಂದಳು ಅವಳು. ಸರಿ, ಕೆಲಸ ಮುಗಿದಿಲ್ಲ, ಚಮಚದ ಹಿಂಬದಿಯಲ್ಲಿ ಬೆಣ್ಣೆ ತೆಗೆದು ದಪ್ಪ ಹೋಳಿನ ಮೇಲೆ ಸವರಿದೆ, ಹೋಳು ಜಾರಿ ತಿರುಗಿತು, ಬಲಗೈಯ ಮಣಿಕಟ್ಟನ್ನು ಒತ್ತಾಗಿಟ್ಟು ಸವರಿದೆ, ನೆತ್ತಿಗೆ ಬಣ್ಣ ಹಚ್ಚುವ ಹಾಗೆ, ಬೇರಿನಿಂದ ತುದಿಗೆ, ಅದು ಮರೆತಿಲ್ಲ ನನಗೆ, ಕೈ ಬೇರೆಯಾದರೂ ಲೆಕ್ಕ ಒಂದೇ, ಒಣದ್ರಾಕ್ಷಿ ಒಂದೊಂದೇ ಅಂಟಿಸಿದೆ, ಒಂದು ಬಿದ್ದುಹೋಯಿತು, ಹೋಗಲಿ, ಮೊದಲ ಹೋಳು ನನ್ನ ಬಾಯಿಗೆ, ಕರುಂ ಅಂತು, ಹುಳಿ, ಸಿಹಿ, ಉಪ್ಪು, ಅಂಗುಳಕ್ಕೆ ಅಂಟಿತು, ಎಷ್ಟು ದಿನವಾಯಿತು ನನ್ನ ಕೈಯದು ನನ್ನ ಬಾಯಿಗೆ ಬಿದ್ದು, ನಾಲಿಗೆಯಲ್ಲಿ ಮೆಲ್ಲಗೆ ಬಿಡಿಸಿಕೊಂಡು ನುಂಗಿದೆ, ಎರಡನೆಯದು ಅವನಿಗೆ, ತಟ್ಟೆಯನ್ನು ಕಟ್ಟೆಯ ಮೇಲೆ ಅವನ ಕಡೆ ತಳ್ಳಿದೆ, ತಗೋ, ಊಟಾನಾ ಅಂದೆಯಲ್ಲ, ತಿಂದು ನೋಡು, ತಗೊಳ್ಳುತ್ತಿಲ್ಲ, ಯಾಕೆ, ತಟ್ಟೆಯನ್ನೇ ನೋಡುತ್ತಿದ್ದಾನೆ, ನಗುತ್ತಿದ್ದಾನೆ, ಕೈ ಮುಂದೆ ಬರುತ್ತಿಲ್ಲ, ಡಬ್ಬಿ ತೆರೆದು ಎಷ್ಟು ಹೊತ್ತಾಯಿತು, ಮಾತಾಡಿಯಾಯಿತು, ಎಲ್ಲ ಆಯಿತು, ಬಿಡಲು ಮರೆತಿದ್ದಾನೆ, ಎಡಗೈ ಇನ್ನೂ ಹಿಡಿದೇ ಇದೆ ಬಲಗೈಯನ್ನು, ಬೆಳ್ಳಗಾದ ಗಿಣ್ಣು, ಮಣಿಕಟ್ಟಿನ ಸುತ್ತ ಕೆಂಪು ಗೆರೆ, ಚಾಚಿದ ಕೈ, ಅದನ್ನು ಹಿಡಿದ ಕೈ, ಹಿಡಿದ ಕೈ —