ಲ್ಯಾಪ್‌ಟಾಪ್ ಹೋಯ್ತು

ಮೂರ್ನಾಡಿನ ರಮ್ಯ ಮನಸ್ಸು ಮಾಡಿದರೆ ತನ್ನ ಮನೆಯ ಊಟದ ಮೇಜಿನಿಂದಲೇ ಅರ್ಧ ಭೂಮಂಡಲದ ಲ್ಯಾಪ್‌ಟಾಪುಗಳನ್ನು ಮಲಗಿಸಿ ಎಬ್ಬಿಸಬಲ್ಲಳು. ಅರ್ಧ ಆಫೀಸು, ಅರ್ಧ ಮನೆ ಎಂದು ಹಂಚಿಹೋದ ಕಂಪನಿಯ ನೌಕರರ ಯಂತ್ರಗಳೆಲ್ಲ ಅವಳ ಅಂಕೆಯಲ್ಲಿ. ಯಾರದಾದರೂ ಕಳುವಾದರೆ ಒಂದು ಗುಂಡಿ ಒತ್ತುತ್ತಾಳೆ. ಆ ಲ್ಯಾಪ್‌ಟಾಪ್ ಪಾತಾಳದಲ್ಲಿರಲಿ, ನೆಟ್‌ವರ್ಕ್ ಸಿಕ್ಕ ಕ್ಷಣ ಒಳಗಿದ್ದದ್ದೆಲ್ಲ ಅಳಿಸಿಹೋಗಿ ಬೋಳು. ಒಮ್ಮೆ ಒತ್ತಿದ್ದನ್ನು ವಾಪಸು ಪಡೆಯುವುದು ಬ್ರಹ್ಮನಿಂದಲೂ ಆಗದು.

ಬೆಳಿಗ್ಗೆ ಕಕ್ಕಬೆಯ ಸಹೋದ್ಯೋಗಿ ದೀಕ್ಷಿತ್ ವಾಯ್ಸ್ ಮೆಸೇಜು ಕಳಿಸಿದ್ದ: "ರಮ್ಯಕ್ಕ, ಲ್ಯಾಪ್‌ಟಾಪ್ ಹೋಯ್ತು!" ಅತ್ತು ಬಿಡುವುದೊಂದು ಬಾಕಿ. ರೆಪ್ಪೆ ಬಡಿಯುವುದರೊಳಗೆ ಗುಂಡಿ ಒತ್ತಿ, ಜಗತ್ತಿನ ಕಳ್ಳರನ್ನೆಲ್ಲ ಸೋಲಿಸಿದ ಠೀವಿಯಲ್ಲಿ ಅವಳು ಎರಡು ಅಕ್ಕಿರೊಟ್ಟಿ ಹೆಚ್ಚಿಗೆ ತಿಂದಳು.

ಮಧ್ಯಾಹ್ನ ಇನ್ನೊಂದು ಮೆಸೇಜು. "ಅಕ್ಕ, ಚಾರ್ಜರ್ ಕೆಟ್ಟದ್ದು ಅಷ್ಟೆ. ರಾಜು ಅಂಗಡಿಂದ ಬೇರೆ ತಂದೆ, ಜೀವ ಬಂತು. ಸಂಜೆ ಬಂಡೆ ಹತ್ತಿ ಎಲ್ಲ ಕಳಿಸ್ತೇನೆ."

ರಮ್ಯಳ ರಕ್ತ ಅಂಗಾಲಿಗೆ ಇಳಿಯಿತು. ಕಳುವಾದ ಹೋಯ್ತು ಅಲ್ಲ ಇದು. ಬಲ್ಬು ಹೋಯ್ತು, ಕರೆಂಟು ಹೋಯ್ತು ಅನ್ನುವ ಹೋಯ್ತು!

ದೀಕ್ಷಿತ್ ಮಳೆಗಾಲ ಪೂರ್ತಿ ಮನೆಯಲ್ಲೇ ಕೂತು ಆಸ್ಪತ್ರೆಯ ಉಸಿರಾಟದ ಯಂತ್ರವೊಂದರ ಕೈಪಿಡಿಯನ್ನು ಕನ್ನಡಕ್ಕೆ ತಂದಿದ್ದ. ಅವನ ಮನೆಯಲ್ಲಿ ನೆಟ್‌ವರ್ಕ್ ಇಲ್ಲ; ಫೋನಿಗೂ ಗುಡ್ಡದ ಮೇಲಿನ ಬಂಡೆಯೇ ಗತಿ. ಮುಗಿದ ಮೇಲೆ ಒಟ್ಟಿಗೆ ಕಳಿಸಿದರಾಯಿತೆಂದು ಲ್ಯಾಪ್‌ಟಾಪನ್ನು ಒಮ್ಮೆಯೂ ಬಂಡೆ ಹತ್ತಿಸಿರಲಿಲ್ಲ. ಅಷ್ಟೂ ಕೆಲಸ ಆ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಮೂರು ಲೋಕದಲ್ಲೆಲ್ಲೂ ಇಲ್ಲ. ಅದರೊಳಗೊಂದು ಸಿಮ್ ಬೇರೆ. ಬಂಡೆಯ ಮೇಲೆ ಮುಚ್ಚಳ ತೆರೆದರೆ ಸಾಕು, ಕಥೆ ಮುಗಿಯಿತು.

ಫೋನು ಮಾಡಿದಳು; ವ್ಯಾಪ್ತಿ ಪ್ರದೇಶದ ಹೊರಗೆ. ಮೆಸೇಜುಗಳ ಸುರಿಮಳೆಯನ್ನೇ ಸುರಿಸಿದಳು. ಎಲ್ಲಕ್ಕೂ ಒಂದೇ ಟಿಕ್. ಸ್ಕೂಟರ್ ಹತ್ತಿದಳು. ಅದು ಹಾರಿದ ರಭಸಕ್ಕೆ ನಾಪೋಕ್ಲಿನ ಕೋಳಿಗಳ ಮೈಮೇಲೆ ಪುಕ್ಕ ಉಳಿದದ್ದೇ ಪುಣ್ಯ.

ಅಂಗಳದಲ್ಲಿ ದೀಕ್ಷಿತನ ತಾಯಿ ತಂಗಮ್ಮ ಮೆಣಸು ಹರವುತ್ತಿದ್ದರು.

"ದೀಕ್ಷಿತ್ ಎಲ್ಲಿ ತಂಗಮ್ಮತ್ತೆ?"

"ಈಗಷ್ಟೇ ಬಂಡೆಗೆ ಹೋದ. ಎಂತ ಮಾರಾಯ್ತಿ, ಆನೆ ಅಟ್ಟಿಸಿಕೊಂಡು ಬಂದ ಹಾಗೆ! ಕೂತ್ಕೊ, ಕಾಫಿ..."

ಕೂರುವುದಿರಲಿ, ರಮ್ಯ ಉಸಿರಾಡುವುದನ್ನೂ ಮುಂದಕ್ಕೆ ಹಾಕಿ ಗುಡ್ಡ ಹತ್ತಿದಳು. ಚಪ್ಪಲಿ ಒಂದು ಏಲಕ್ಕಿ ತೋಟದಲ್ಲಿ, ಇನ್ನೊಂದು ಎಲ್ಲಿ ಎಂದು ದೇವರಿಗೂ ಗೊತ್ತಿಲ್ಲ. ಮೇಲೆ, ಹಿಮಾಲಯದ ಅಣ್ಣನಂತಿದ್ದ ಬಂಡೆಯ ಮೇಲೆ ದೀಕ್ಷಿತ್ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟಿದ್ದ. ಬೆರಳು ಮುಚ್ಚಳದ ಅಂಚಿನಲ್ಲಿತ್ತು.

"ತೆರೀಬೇಡ!"

ಕೂಗಿಗೆ ಬೆಚ್ಚಿ ಅವನು ತಿರುಗಿದ. ಅವಳು ಲ್ಯಾಪ್‌ಟಾಪನ್ನು ಕಿತ್ತುಕೊಂಡು, ಶಾಲಿನ ಪಿನ್ನು ಚುಚ್ಚಿ ಸಿಮ್ ಹೊರಗೆಳೆದಳು. ಆಮೇಲೆ ಏದುಸಿರಿನಲ್ಲೇ ವಿಷಯ ಹೇಳಿದಳು.

ಅವನ ಮುಖ ಬಿಳುಚಿತು. "ನೀವು ನನ್ನ ಮಳೆಗಾಲಾನೇ ಅಳಿಸ್ಲಿಕ್ಕೆ ಹೇಳಿದ್ರಾ?"

"ನೆಟ್ ಇಲ್ಲದಿದ್ರೆ ಏನೂ ಆಗಲ್ಲ. ಪೆನ್‌ಡ್ರೈವ್ ಉಂಟಾ?"

ಇತ್ತು. ಚುಚ್ಚಿದ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಪೆನ್‌ಡ್ರೈವ್ ಬಳಕೆಗೆ ಅನುಮತಿ ಇಲ್ಲ.

"ಯಾವ ಪುಣ್ಯಾತ್ಮ ಹಾಕಿದ ಈ ರೂಲು?"

"ನಾನೇ," ಎಂದಳು ರಮ್ಯ, ನೆಲ ನೋಡುತ್ತ. "ತೆಗೀಬೇಕಾದ್ರೆ ಇದಕ್ಕೆ ನೆಟ್ ಬೇಕು."

"ಭಾರಿ ಚಂದ! ಬಾಗಿಲು ಹಾಕಿ ಕೀ ಒಳಗೇ ಇಟ್ಟಿದ್ದೀರಿ."

ಅರೆಬರೆ ಚಾರ್ಜ್ ಆಗಿದ್ದ ಬ್ಯಾಟರಿಯ ಗುರುತು ಕೆಂಪಾಗತೊಡಗಿತ್ತು. ಮನೆಗಿಳಿದು ಚಾರ್ಜಿಗೆ ಹಾಕೋಣವೆಂದರೆ ಮನೆಯಲ್ಲಿ ಆಗಲೇ ಕರೆಂಟು ಹೋಗಿತ್ತು; ಕೆಲಸವೋ ಸಂಜೆಯೊಳಗೆ ಬೆಂಗಳೂರು ಸೇರಲೇಬೇಕಿತ್ತು. ರಮ್ಯ ತನ್ನ ಫೋನಿನ ಕ್ಯಾಮೆರಾ ತೆರೆದಳು.

"ಪುಟ ತಿರುಗಿಸು."

ಅವನು ತಿರುಗಿಸಿದ, ಅವಳು ಕ್ಲಿಕ್ಕಿಸಿದಳು. ಕೈಪಿಡಿಗೆ ಕೊನೆಯೇ ಇರಲಿಲ್ಲ. ಮಂಜು ಬಂದು ಪರದೆಯ ಮೇಲೆ ಕೂತಿತು; ಶಾಲಿನಲ್ಲಿ ಒರೆಸಿದಳು. ಅವನ ಬೆರಳು ಜಾರಿ ಎರಡು ಪುಟ ಹಾರಿದವು.

"ಹಿಂದೆ ಹೋಗು! ಹಿಂದೆ!"

"ಬೈಬೇಡಿ ಅಕ್ಕ, ಕೈ ಓಡ್ತಾ ಇಲ್ಲ!"

ಕೊನೆಯ ಪುಟ ಬಂತು. ಅವಳು ಒತ್ತಿದಳು. ಪರದೆ ಕಪ್ಪಾಯಿತು.

ಇಬ್ಬರೂ ಫೋನಿನ ಮೇಲೆ ಬಗ್ಗಿದರು. ಚಿತ್ರ ಸೊಟ್ಟಗಿತ್ತು. ಅಕ್ಷರ ಮಾತ್ರ ಕೊನೆಯ ಸಾಲಿನವರೆಗೂ ಇತ್ತು.

ಎಲ್ಲವನ್ನೂ ಅಲ್ಲಿಂದಲೇ ಬೆಂಗಳೂರಿನ ಮೇಲಧಿಕಾರಿ ಅನುಶ್ರೀಗೆ ಕಳಿಸಿದರು. ಒಂದು ಯುಗ ಕಳೆದು ಉತ್ತರ ಬಂತು: ಕೆಲಸ ಮುಗಿದದ್ದು ಕಾಣುತ್ತಿದೆ, ಸೋಮವಾರದೊಳಗೆ ಟೈಪ್ ಮಾಡಿ ಕೊಡಿ.

ದೀಕ್ಷಿತ್ ಬಂಡೆಯ ಮೇಲೆ ಅಂಗಾತ ಮಲಗಿದ. "ಇಷ್ಟನ್ನೂ ಮತ್ತೆ ಯಾರು ಟೈಪ್ ಮಾಡೋದು?"

ರಮ್ಯ ಬರಿಗಾಲಿನ ಮುಳ್ಳು ಕೀಳುತ್ತ ಹೇಳಿದಳು, "ನೀನು ಓದು, ನಾನು ಟೈಪ್ ಮಾಡ್ತೇನೆ. ಸ್ವಲ್ಪ ನಿಧಾನಕ್ಕೆ ಓದು ಮಾರಾಯ."